ಹಳೆಯ ಕಾರಿನ ಕಿಟಕಿ ಮತ್ತು ಅದರ ದುರಸ್ತಿ

ಮುಂಬಯಿಯ ಮಳೆಯನ್ನು ಕುರಿತು ಈ ಶಾಲೆಯ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಅಂತಹ ಮಳೆಗಾಲದ ಒಂದು ಗುರುವಾರ ಸಂಜೆ, ನಾನು ನಿಮ್ಮಂತೆಯೇ ಇಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಗ, ನನ್ನ ಕೈಯಿಂದ ಒಂದು ತಪ್ಪು ನಡೆದುಹೋಯಿತು. ನನ್ನ ಸೋದರಮಾವನವರಲ್ಲಿ 1960ರ ದಶಕದ ಒಂದು ಹಳೆಯ ಕಾರಿತ್ತು. ಮಳೆ ಬಂದೊಡನೆ ಅದರ ಹಿಂಬಾಗಿಲಿನ ಗಾಜನ್ನು ಏರಿಸಿ ಬರುವಂತೆ ಅವರು ನನಗೆ ಹೇಳಿದರು. ಗಾಜು ಅರ್ಧ ದಾರಿಯವರೆಗೆ ಬಂದು ನಿಂತುಬಿಟ್ಟಿತು. ಹಿಡಿಯನ್ನು ಇನ್ನಷ್ಟು ಒತ್ತಿ ತಿರುಗಿಸಿದೆ, ಕದಲಲಿಲ್ಲ. ನೆತ್ತಿಯ ಮೇಲೆ ಮಳೆ ಸುರಿಯುತ್ತಿದ್ದಿತು. ನನಗೆ ಸಿಟ್ಟು ಬಂದಿತು. ಎರಡೂ ಕೈಗಳಿಂದ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಬಾಗಿಲಿನ ಹೊಟ್ಟೆಯೊಳಗೆ 'ಕಟ್' ಎಂದು ಸದ್ದಾಯಿತು. ಆಮೇಲೆ ಹಿಡಿ ಗಿರಗಿರನೆ ತಿರುಗತೊಡಗಿತು. ಗಾಜು ಮಾತ್ರ ಇದ್ದಲ್ಲಿಯೇ ಇದ್ದಿತು.

ಮರುದಿನ ಮುಂಜಾನೆ ನಮ್ಮ ಅಜ್ಜಿಯವರನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಅದೇ ಕಾರಿನಲ್ಲಿ ಕರೆದೊಯ್ಯಬೇಕಾಗಿದ್ದಿತು. ಅರ್ಧ ತೆರೆದ ಕಿಟಕಿಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಕಟ್ಟಿಕೊಂಡು ಹೊರಟೆವು. ದಾರಿಯುದ್ದಕ್ಕೂ ಆ ಹಾಳೆ ಅಜ್ಜಿಯವರ ಕಿವಿಯ ಬಳಿಯಲ್ಲಿ ಪಟಪಟನೆ ಬಡಿಯುತ್ತಿದ್ದಿತು. ಮಾವನವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಸಮಾಧಾನವಾಗುತ್ತಿದ್ದಿತು.

ಭಾನುವಾರ ಕಾರನ್ನು ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಹಿರಿಯ ಮೇಸ್ತ್ರಿಗಳು ಗದಗ ಕಡೆಯವರು. ಬಾಗಿಲನ್ನು ಬಿಚ್ಚಿ ನೋಡಿ ನನ್ನನ್ನು ಹತ್ತಿರ ಕರೆದರು. "ತಮ್ಮಾ, ಗಾಜು ಏರಲಿಲ್ಲ ಅಂತ ಹ್ಯಾಂಡಲ್ಲಿಗೆ ಯಾಕ ಶಿಕ್ಷಾ ಕೊಟ್ಟಿ? ತಪ್ಪು ಅದರದಲ್ಲ. ಬಾ, ತಪ್ಪು ಎಲ್ಲೈತಿ ತೋರಸ್ತೀನಿ" ಎಂದರು. ಅಂದು ಅವರು ತೋರಿಸಿದುದನ್ನೂ ಮುಂದೆ ನಾನಾಗಿ ತಿಳಿದುಕೊಂಡುದನ್ನೂ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಗಿಲಿನೊಳಗೆ ಏನಿದೆ?

ಕಾರಿನ ಬಾಗಿಲು ಒಂದೇ ತಗಡಲ್ಲ. ಹೊರತಗಡು, ಒಳತಗಡು ಎಂದು ಎರಡು ಪದರಗಳಿದ್ದು, ಅವುಗಳ ನಡುವೆ ಟೊಳ್ಳಾದ ಜಾಗವಿರುತ್ತದೆ. ಕಿಟಕಿಯನ್ನು ತೆರೆದಾಗ ಗಾಜು ಇಳಿದು ಕುಳಿತುಕೊಳ್ಳುವುದು ಈ ಟೊಳ್ಳಿನಲ್ಲಿಯೇ. ಎಲ್ಲ ಕಾರುಗಳಲ್ಲಿಯೂ ಈ ವ್ಯವಸ್ಥೆ ಇದ್ದಿತೆಂದು ತಿಳಿಯಬಾರದು. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಪ್ರಸಿದ್ಧವಾದ ಮಿನಿ ಕಾರಿನ ಮುಂಬಾಗಿಲುಗಳ ಗಾಜು ಏರಿಳಿಯುತ್ತಿರಲಿಲ್ಲ. ನಮ್ಮ ಕಪಾಟಿನ ಗಾಜಿನಂತೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದಿತು. ಬಾಗಿಲಿನಲ್ಲಿ ಯಂತ್ರವೇ ಇಲ್ಲದುದರಿಂದ ಆ ಟೊಳ್ಳು ಸಾಮಾನಿಡುವುದಕ್ಕೆ ಒದಗುತ್ತಿದ್ದಿತು. ಆ ಕಾರಿಗೆ ತಿರುಗಿಸಿ ಏರಿಸುವ ಗಾಜು ಬಂದುದು 1969ರಲ್ಲಿ.

ಗಾಜನ್ನು ಏರಿಸುವ ಯಂತ್ರಕ್ಕೆ ಗ್ಯಾರೇಜುಗಳಲ್ಲಿ 'ಗ್ಲಾಸ್ ಮಶೀನ್' ಎಂದು ಹೆಸರು. ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಒಂದರಲ್ಲಿ ಬಾವಿಯ ರಾಟೆಯಂತೆ ಉಕ್ಕಿನ ತಂತಿಯ ಹುರಿಯೊಂದು ಸುತ್ತಿಕೊಂಡು ಗಾಜನ್ನು ಎಳೆಯುತ್ತದೆ. ಇನ್ನೊಂದರಲ್ಲಿ ಉದ್ದವಾದ ಲೋಹದ ತೋಳೊಂದು ಗಾಜನ್ನು ಕೆಳಗಿನಿಂದ ಎತ್ತುತ್ತದೆ. ನಮ್ಮ ಮಾವನವರ ಕಾರಿನಲ್ಲಿದ್ದುದು ಈ ಎರಡನೆಯ ಜಾತಿಯದು.

ಅದರ ಅಂಗಗಳು ಇವು. ನಾವು ತಿರುಗಿಸುವ ಹಿಡಿಯ ಕಡ್ಡಿಗೆ ಬಾಗಿಲಿನೊಳಗೆ ಒಂದು ಚಿಕ್ಕ ಹಲ್ಲುಚಕ್ರ ಸೇರಿಕೊಂಡಿರುತ್ತದೆ. ಆ ಹಲ್ಲುಗಳು ಬೀಸಣಿಗೆಯ ಆಕಾರದ ಒಂದು ದಪ್ಪ ತಗಡಿನ ಅಂಚಿನಲ್ಲಿರುವ ಹಲ್ಲುಗಳನ್ನು ಕಚ್ಚಿಕೊಂಡಿರುತ್ತವೆ. ಬೀಸಣಿಗೆ ತಗಡಿಗೆ ಆ ಉದ್ದನೆಯ ತೋಳನ್ನು ಬೆಸೆದಿರುತ್ತಾರೆ. ತೋಳಿನ ತುದಿಯಲ್ಲಿ ಒಂದು ಪುಟ್ಟ ಉರುಳೆ. ಗಾಜಿನ ಕೆಳಅಂಚಿಗೆ ಹಿಡಿಸಿದ ತೋಡುಪಟ್ಟಿಯೊಳಗೆ ಈ ಉರುಳೆ ಅತ್ತಿತ್ತ ಓಡುತ್ತದೆ. ಅತ್ತಿತ್ತ ಏಕೆ ಓಡಬೇಕು? ತೋಳಿನ ತುದಿ ಮೇಲೇರುವುದು ನೇರವಾದ ಗೆರೆಯಲ್ಲಲ್ಲ, ಕಮಾನಿನಂತೆ ಬಾಗಿದ ದಾರಿಯಲ್ಲಿ. ಗಾಜಾದರೋ ನೇರವಾಗಿಯೇ ಏರಬೇಕು. ಬಾಗಿದ ದಾರಿಗೂ ನೇರವಾದ ದಾರಿಗೂ ರಾಜಿ ಮಾಡಿಸುವ ಕೆಲಸ ಉರುಳೆಯದು. ಇನ್ನು ಗಾಜಿನ ಎರಡು ಪಕ್ಕಗಳಲ್ಲಿ ಉಣ್ಣೆಯ ಫೆಲ್ಟು ಅಥವಾ ರಬ್ಬರಿನ ಒಳಪದರವುಳ್ಳ ಚಾನಲುಗಳಿರುತ್ತವೆ. ಗಾಜು ಅಲುಗಾಡದಂತೆ, ಓರೆಯಾಗದಂತೆ ದಾರಿ ತೋರಿಸುವವು ಇವೇ.

ಒಂದು ಚಿಕ್ಕ ಲೆಕ್ಕ

ಈಗ ನೀವು ಭೌತಶಾಸ್ತ್ರದ ತರಗತಿಯಲ್ಲಿ ಕಲಿತ ಸನ್ನೆಯ ನಿಯಮವನ್ನು ಜ್ಞಾಪಿಸಿಕೊಳ್ಳಿರಿ. ಅಳತೆಗಳು ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ; ಲೆಕ್ಕದ ಅನುಕೂಲಕ್ಕಾಗಿ ಕೆಲವನ್ನು ಹಿಡಿದುಕೊಳ್ಳೋಣ. ಚಿಕ್ಕ ಚಕ್ರಕ್ಕೆ 9 ಹಲ್ಲುಗಳಿರಲಿ. ಬೀಸಣಿಗೆ ತಗಡು ಪೂರ್ಣ ವೃತ್ತದ ಕಾಲುಭಾಗದಷ್ಟಿದ್ದು ಅದರಲ್ಲಿ 27 ಹಲ್ಲುಗಳಿರಲಿ. ಆಗ ಹಿಡಿಯನ್ನು ಮೂರು ಸುತ್ತು ತಿರುಗಿಸಿದರೆ ತಗಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಳುತ್ತದೆ. ಹಿಡಿಯ ಉದ್ದ 12 ಸೆಂಟಿಮೀಟರಾದರೆ ಒಂದು ಸುತ್ತಿಗೆ ನಮ್ಮ ಕೈ ಸುಮಾರು 75 ಸೆಂಟಿಮೀಟರು ಸಾಗುತ್ತದೆ. ಮೂರು ಸುತ್ತಿಗೆ 226. ತೋಳಿನ ಉದ್ದ 28 ಸೆಂಟಿಮೀಟರಾದರೆ ಅಷ್ಟರಲ್ಲಿ ಗಾಜು ಏರುವುದು ಸುಮಾರು 40 ಸೆಂಟಿಮೀಟರು ಮಾತ್ರ. ಕೈ ಹೆಚ್ಚು ದೂರ ಹೋಗುತ್ತದೆ, ಗಾಜು ಕಡಮೆ ದೂರ ಏರುತ್ತದೆ. ಆದುದರಿಂದ ನಮಗೆ ತಗಲುವ ಭಾರ ಐದಾರು ಪಾಲು ಕಡಮೆಯಾಗುತ್ತದೆ.

ಗಾಜಿನ ಭಾರವೆಷ್ಟು? 60 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಎತ್ತರ, ಅರ್ಧ ಸೆಂಟಿಮೀಟರು ದಪ್ಪವಿದ್ದರೆ ಅದರ ಗಾತ್ರ 1200 ಘನ ಸೆಂಟಿಮೀಟರು. ಗಾಜು ನೀರಿಗಿಂತ ಸುಮಾರು ಎರಡೂವರೆ ಪಾಲು ಭಾರವಾದುದರಿಂದ ತೂಕ 3 ಕಿಲೋಗ್ರಾಂ ಆಯಿತು. ಹೀಗಾಗಿ ಘರ್ಷಣೆಯೇ ಇಲ್ಲದಿದ್ದರೆ ನಮ್ಮ ಕೈ ಹೊರಬೇಕಾದುದು ಅರ್ಧ ಕಿಲೋಗ್ರಾಮಿನಷ್ಟು. ಇದರ ಮೇಲೆ, ಗಡಿಯಾರದ ಸ್ಪ್ರಿಂಗನ್ನು ಹೋಲುವ ಬಲವಾದ ಸುರುಳಿಯೊಂದು ಬೀಸಣಿಗೆ ತಗಡನ್ನು ಸದಾ ಮೇಲ್ಮುಖವಾಗಿ ಒತ್ತುತ್ತಾ ಗಾಜಿನ ಭಾರವನ್ನು ಹಂಚಿಕೊಳ್ಳುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಸರಿಯಾಗಿರುವ ಕಿಟಕಿಯನ್ನು ಏರಿಸಲು ಮಗುವಿನ ಬಲವೂ ಸಾಕು. ಏದುಸಿರು ಬಿಡುತ್ತಾ ತಿರುಗಿಸಬೇಕಾಗಿ ಬಂದರೆ ನಾವು ಹೋರಾಡುತ್ತಿರುವುದು ಗಾಜಿನ ಭಾರದೊಡನೆಯಲ್ಲ. ಎಲ್ಲಿಯೋ ಅಡ್ಡಬಂದಿರುವ ಬೇರೊಂದು ವಸ್ತುವಿನೊಡನೆ. ಎರಡನೆಯದು ಇನ್ನೂ ಮುಖ್ಯವಾದುದು. ಚಿಕ್ಕ ಚಕ್ರದ ತ್ರಿಜ್ಯ ಸುಮಾರು 1 ಸೆಂಟಿಮೀಟರು, ಹಿಡಿಯ ಉದ್ದ 12. ಅಂದರೆ ಹಿಡಿಯ ತುದಿಯಲ್ಲಿ 10 ಕಿಲೋಗ್ರಾಮಿನಷ್ಟು ಒತ್ತಿದರೆ ಹಲ್ಲಿನ ಮೇಲೆ ಬೀಳುವುದು 120 ಕಿಲೋಗ್ರಾಮಿನಷ್ಟು ಒತ್ತಡ! ಗಾಜು ಸರಾಗವಾಗಿ ಚಲಿಸುತ್ತಿರುವಾಗ ಹಲ್ಲಿಗೆ ಇಷ್ಟು ಒತ್ತಡ ಬೀಳುವ ಪ್ರಸಂಗವೇ ಇಲ್ಲ. ಗಾಜು ಸಿಕ್ಕಿಕೊಂಡಿರುವಾಗ ನಾವು ಹಾಕುವ ಬಲವೆಲ್ಲವೂ ಹನ್ನೆರಡು ಪಾಲಾಗಿ ಒಂದೆರಡು ಹಲ್ಲುಗಳ ಮೇಲೆಯೇ ಬೀಳುತ್ತದೆ. ಅಂದು ನನ್ನ ಮೈಭಾರ ಮಾಡಿದುದು ಇದನ್ನೇ. ಬೀಸಣಿಗೆ ತಗಡಿನ ಎರಡು ಹಲ್ಲುಗಳು ಮುರಿದು ಬಾಗಿಲಿನ ತಳದಲ್ಲಿ ಬಿದ್ದಿದ್ದವು.

ಗಾಜು ತಾನಾಗಿ ಏಕೆ ಇಳಿಯುವುದಿಲ್ಲ?

ಹಿಡಿಯನ್ನು ತಿರುಗಿಸಿದರೆ ಗಾಜು ಏರಿಳಿಯುತ್ತದೆ. ಆದರೆ ಗಾಜನ್ನು ಹಿಡಿದು ಕೆಳಕ್ಕೆ ಒತ್ತಿದರೆ ಹಿಡಿ ತಿರುಗುವುದಿಲ್ಲ. ಇದೊಂದು ಸೊಗಸಾದ ಉಪಾಯ. ಹಿಡಿಗೂ ಚಿಕ್ಕ ಚಕ್ರಕ್ಕೂ ನಡುವೆ, ಅಲುಗಾಡದ ಒಂದು ಲೋಹದ ಬಟ್ಟಲಿನೊಳಗೆ, ತಂತಿಯ ಸುರುಳಿಯೊಂದು ಬಿಗಿಯಾಗಿ ಕುಳಿತಿರುತ್ತದೆ. ಅದರ ಎರಡು ತುದಿಗಳು ಒಳಕ್ಕೆ ಬಾಗಿರುತ್ತವೆ. ಹಿಡಿಯ ಕಡೆಯಿಂದ ಬಲ ಬಂದರೆ ಆ ತುದಿಗಳು ಒತ್ತಲ್ಪಟ್ಟು ಸುರುಳಿ ಕುಗ್ಗುತ್ತದೆ. ಬಟ್ಟಲಿನ ಗೋಡೆಯನ್ನು ಬಿಟ್ಟು ಸರಾಗವಾಗಿ ತಿರುಗುತ್ತದೆ. ಗಾಜಿನ ಕಡೆಯಿಂದ ಬಲ ಬಂದರೆ ಅವೇ ತುದಿಗಳು ವಿರುದ್ಧ ದಿಕ್ಕಿನಲ್ಲಿ ಒತ್ತಲ್ಪಟ್ಟು ಸುರುಳಿ ಹಿಗ್ಗುತ್ತದೆ. ಬಟ್ಟಲಿನ ಗೋಡೆಯನ್ನು ಅವುಚಿಕೊಂಡು ನಿಲ್ಲುತ್ತದೆ. ಹೊರಗಿನವರು ಗಾಜನ್ನು ಒತ್ತಿ ಇಳಿಸಲಾರದಂತೆಯೂ, ರಸ್ತೆಯ ಕುಲುಕಾಟಕ್ಕೆ ಗಾಜು ಜಾರದಂತೆಯೂ ಕಾಯುವ ಕಾವಲುಗಾರ ಈ ಸುರುಳಿ.

ರೋಗದ ನಿದಾನ

ಒಳ್ಳೆಯ ವೈದ್ಯನು ಔಷಧಕ್ಕಿಂತ ಮೊದಲು ನಾಡಿಯನ್ನು ನೋಡುವಂತೆ, ಒಳ್ಳೆಯ ಮೇಸ್ತ್ರಿ ಬಾಗಿಲನ್ನು ಬಿಚ್ಚುವ ಮೊದಲು ಲಕ್ಷಣಗಳನ್ನು ನೋಡುತ್ತಾನೆ. ಹಿಡಿ ತಿರುಗಿದರೂ ಗಾಜು ಕದಲದಿದ್ದರೆ ಹಿಡಿಯ ಒಳಗೆರೆಗಳು ಸವೆದಿರಬಹುದು, ಹಲ್ಲುಗಳು ಹೋಗಿರಬಹುದು, ಇಲ್ಲವೆ ಉರುಳೆ ತೋಡುಪಟ್ಟಿಯಿಂದ ಕಳಚಿರಬಹುದು. ಗಾಜು ಒಂದು ಕಡೆಗೆ ವಾಲುತ್ತಾ ಏರಿದರೆ ಉರುಳೆ ಸವೆದಿರಬಹುದು, ಅಥವಾ ಪಟ್ಟಿ ಗಾಜಿನಿಂದ ಸಡಿಲವಾಗಿರಬಹುದು. ಏರಿಸಿದ ಗಾಜು ತಾನಾಗಿ ಜಾರಿದರೆ ಮೇಲೆ ಹೇಳಿದ ಕಾವಲು ಸುರುಳಿ ತುಂಡಾಗಿದೆಯೆಂದು ಸಂಶಯಿಸಬೇಕು. ಹಿಡಿ ಬಿಗಿಯಾಗಿದ್ದರೆ ಮಾತ್ರ ಯಂತ್ರವನ್ನು ದೂರುವ ಮೊದಲು ಪಕ್ಕದ ಚಾನಲುಗಳನ್ನು ನೋಡಬೇಕು. ವರ್ಷಗಟ್ಟಲೆ ಕುಳಿತ ಧೂಳು, ಹರಿದ ಫೆಲ್ಟು, ಗಟ್ಟಿಯಾದ ರಬ್ಬರು, ಇವೇ ಹೆಚ್ಚಿನ ಸಂದರ್ಭಗಳಲ್ಲಿ ನಿಜವಾದ ಅಪರಾಧಿಗಳು.

ನಮ್ಮ ಕಾರಿನಲ್ಲಿಯೂ ಹಾಗೆಯೇ ಆಗಿದ್ದಿತು. ಮುಂದಿನ ಚಾನಲಿನ ಫೆಲ್ಟು ಒಂದು ಗೇಣಿನಷ್ಟು ಕಿತ್ತುಬಂದು, ಧೂಳಿನೊಡನೆ ಮುದ್ದೆಯಾಗಿ, ಗಾಜಿನ ದಾರಿಗೆ ಬೆಣೆಯಂತೆ ಅಡ್ಡಕುಳಿತಿದ್ದಿತು. ಮೇಸ್ತ್ರಿಗಳು ಅದನ್ನು ಕಿತ್ತು ನನ್ನ ಅಂಗೈಯಲ್ಲಿ ಇಟ್ಟರು. ಒಂದು ಹಿಡಿಯಷ್ಟು ಕಸ! ಅದನ್ನು ತೆಗೆಯಲು ಐದು ನಿಮಿಷ ಸಾಕಾಗಿದ್ದವು.

ಗಾಜು ಹೀಗೆ ನಡುವೆ ನಿಂತಾಗ ಮಾಡಬೇಕಾದುದು ಇಷ್ಟು: ತಿರುಗಿಸುವುದನ್ನು ನಿಲ್ಲಿಸಿರಿ. ತುಸು ಕೆಳಕ್ಕೆ ಇಳಿಸಿ ನೋಡಿರಿ. ಇಳಿದರೆ ಒಬ್ಬರು ಎರಡು ಅಂಗೈಗಳ ನಡುವೆ ಗಾಜನ್ನು ಹಿಡಿದು ನೇರವಾಗಿ ಮೇಲೆತ್ತುತ್ತಿರಲಿ, ಇನ್ನೊಬ್ಬರು ಮೆಲ್ಲನೆ ತಿರುಗಿಸಲಿ. ಆಗಲೂ ಬಾರದಿದ್ದರೆ ಬಾಗಿಲನ್ನು ಬಿಚ್ಚಲೇಬೇಕು.

ದುರಸ್ತಿಯ ಕ್ರಮ

ಮೊದಲು ಹಿಡಿಯನ್ನು ತೆಗೆಯಬೇಕು. ಕೆಲವು ಕಾರುಗಳಲ್ಲಿ ಹಿಡಿಯ ಹಿಂದಿರುವ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಅಡ್ಡವಾಗಿ ತೂರಿಸಿದ ಚಿಕ್ಕ ಮೊಳೆ ಕಾಣುತ್ತದೆ; ಅದನ್ನು ತಳ್ಳಿದರೆ ಹಿಡಿ ಕೈಗೆ ಬರುತ್ತದೆ. ಇನ್ನು ಕೆಲವುಗಳಲ್ಲಿ ಕುದುರೆಲಾಳದ ಆಕಾರದ ತಂತಿಯ ಕ್ಲಿಪ್ಪು ಇರುತ್ತದೆ. ಹಿಡಿಗೂ ಬಿಲ್ಲೆಗೂ ನಡುವೆ ಬಟ್ಟೆಯ ತುಂಡನ್ನು ತೂರಿಸಿ, ಗರಗಸ ಎಳೆದಂತೆ ಆಚೀಚೆ ಎಳೆದರೆ ಕ್ಲಿಪ್ಪು ಹೊರಕ್ಕೆ ಹಾರುತ್ತದೆ. ಅದು ಕಳೆದುಹೋಗದಂತೆ ಇನ್ನೊಂದು ಕೈಯನ್ನು ಅಡ್ಡಹಿಡಿದಿರಬೇಕು.

ಬಳಿಕ ಒಳಬದಿಯ ಹಲಗೆಯ ಸರದಿ. ಅದು ಅಂಚಿನುದ್ದಕ್ಕೂ ಚಿಕ್ಕ ಚಿಕ್ಕ ಕ್ಲಿಪ್ಪುಗಳಿಂದ ನಿಂತಿರುತ್ತದೆ. ಒಂದೇ ಮೂಲೆಯನ್ನು ಹಿಡಿದು ಜಗ್ಗಿದರೆ ಹಲಗೆ ಹರಿಯುತ್ತದೆ. ಚಪ್ಪಟೆಯಾದ ಉಪಕರಣವನ್ನು ಪ್ರತಿಯೊಂದು ಕ್ಲಿಪ್ಪಿನ ಪಕ್ಕಕ್ಕೇ ತೂರಿಸಿ ಒಂದೊಂದಾಗಿ ಬಿಡಿಸಬೇಕು. ಹಲಗೆಯ ಹಿಂದೆ ನೀರು ತಾಗದ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಇದನ್ನು ಹರಿದು ಎಸೆಯಬಾರದು. ಮಳೆಯ ನೀರು ಗಾಜಿನ ಮೇಲಿನಿಂದ ಹರಿದು ಬಾಗಿಲಿನೊಳಕ್ಕೆ ಇಳಿಯುವುದು ಸಹಜವೇ; ತಳದಲ್ಲಿರುವ ರಂಧ್ರಗಳಿಂದ ಅದು ಹೊರಕ್ಕೆ ಹೋಗುತ್ತದೆ. ಹಲಗೆಯೂ ಆಸನವೂ ನೆನೆಯದಂತೆ ಈ ಹಾಳೆ ತಡೆಯುತ್ತದೆ. ತಳದ ರಂಧ್ರಗಳು ಕಸದಿಂದ ಮುಚ್ಚಿಹೋದರೆ ನೀರು ಒಳಗೇ ನಿಂತು ತಗಡನ್ನು ತುಕ್ಕು ತಿನ್ನುತ್ತದೆ. ಆದುದರಿಂದ ಬಾಗಿಲನ್ನು ಬಿಚ್ಚಿದಾಗಲೆಲ್ಲ ಕಡ್ಡಿಯೊಂದರಿಂದ ಅವನ್ನು ಬಿಡಿಸುವುದು ಒಳ್ಳೆಯದು.

ಇನ್ನು ಯಂತ್ರವನ್ನು ತೆಗೆಯುವ ಮೊದಲು ಗಾಜಿಗೆ ಆಧಾರ ಕೊಡಬೇಕು. ಗಾಜನ್ನು ಮೇಲಕ್ಕೆತ್ತಿ, ಮರದ ಬೆಣೆಗಳನ್ನಿಟ್ಟು, ಅಂಟುಪಟ್ಟಿಯಿಂದ ಚೌಕಟ್ಟಿಗೆ ಕಟ್ಟಬೇಕು. ಪಕ್ಕದ ಗಾಜು ಸಾಮಾನ್ಯವಾಗಿ ಕಾಯಿಸಿ ಒಮ್ಮೆಗೇ ತಣಿಸಿ ಹದಗೊಳಿಸಿದ ಗಾಜು. ಒಡೆದರೆ ಸೀಳಾಗುವುದಿಲ್ಲ, ಸಾವಿರಾರು ಸಣ್ಣ ಹರಳುಗಳಾಗಿ ಉದುರುತ್ತದೆ. ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗಲಿ ಕೊರೆಯಲಾಗಲಿ ಬರುವುದಿಲ್ಲ. ಆದುದರಿಂದ ಅದರ ಅಂಚಿಗೆ ಪೆಟ್ಟು ತಗಲದಂತೆ ನೋಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಗಾಜಿನ ಭಾರ ತಪ್ಪಿದೊಡನೆ ಬೀಸಣಿಗೆ ತಗಡನ್ನು ಒತ್ತುತ್ತಿರುವ ಸುರುಳಿಗೆ ಎದುರಾಳಿಯೇ ಇಲ್ಲದಂತಾಗುತ್ತದೆ. ತಗಡು ಚಕ್ರದ ಹಲ್ಲಿನಿಂದ ತಪ್ಪಿಸಿಕೊಂಡಿತೆಂದರೆ ತೋಳು ಕತ್ತರಿಯಂತೆ ಬೀಸಿಕೊಂಡು ಬೆರಳನ್ನು ಗಾಯಗೊಳಿಸೀತು. ಮೇಸ್ತ್ರಿಗಳು ದಪ್ಪ ಕೈಚೀಲ ತೊಟ್ಟು, ತಗಡನ್ನು ಇಕ್ಕುಳದಿಂದ ಬಿಗಿಹಿಡಿದೇ ಉರುಳೆಯನ್ನು ತೋಡುಪಟ್ಟಿಯಿಂದ ಸರಿಸಿ, ಬೋಲ್ಟುಗಳನ್ನು ಬಿಚ್ಚಿ, ಯಂತ್ರವನ್ನು ಓರೆಯಾಗಿ ತಿರುಗಿಸುತ್ತಾ ಬಾಗಿಲಿನ ಕಂಡಿಯಿಂದ ಹೊರತೆಗೆದರು. ಈ ಭಾಗವನ್ನು ವಿದ್ಯಾರ್ಥಿಗಳು ಬಲ್ಲವರ ಕೈಗೇ ಬಿಟ್ಟು ಪಕ್ಕದಲ್ಲಿ ನಿಂತು ನೋಡತಕ್ಕದ್ದು.

ಹೊರತೆಗೆದ ಯಂತ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಒಣಗಿದ ಹಳೆಯ ಗ್ರೀಸು ಬಿಟ್ಟುಕೊಳ್ಳುತ್ತದೆ. ಹಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಉರುಳೆ ಸವೆದಿದ್ದರೆ ಲೇತಿನಲ್ಲಿ ಹೊಸದನ್ನು ಮಾಡಿಸಬಹುದು. ಹಲ್ಲು ಮುರಿದಿದ್ದರೆ ಹಾದಿ ಕಠಿನ. ಹೊಸ ಬಿಡಿಭಾಗ ಎಲ್ಲಿ ಸಿಕ್ಕೀತು? ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಗುರುತೇ ಆಗಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು, 20 ವರ್ಷಗಳ ವಯೋಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ರಸ್ತೆಯನ್ನು ಬಿಟ್ಟವು. ಇಂತಹ ಕಾರುಗಳ ಒಂದು ಹಲ್ಲು ಹೋದರೆ ಅಂಗಡಿಯಲ್ಲಿ ಹಣ ಕೊಟ್ಟು ತರುವಂತಿಲ್ಲ. ಮಾವನವರೂ ನಾನೂ ಎರಡು ಭಾನುವಾರ ಚೋರ್ ಬಜಾರಿನ ಹಳೆಯ ಸಾಮಾನುಗಳ ರಾಶಿಯನ್ನು ಹುಡುಕಿದೆವು. ಆ ಅಳತೆಯದು ಸಿಗಲಿಲ್ಲ. ಕೊನೆಗೆ ಮೇಸ್ತ್ರಿಗಳು ಮುರಿದ ಜಾಗದಲ್ಲಿ ಹಿತ್ತಾಳೆಯ ಬೆಸುಗೆಯನ್ನು ತುಂಬಿಸಿ, ಪಕ್ಕದ ಹಲ್ಲನ್ನು ನೋಡಿಕೊಂಡು, ಅರದಿಂದ ಉಜ್ಜಿ ಉಜ್ಜಿ ಎರಡು ಹಲ್ಲುಗಳನ್ನು ಕಡೆದರು. ಅದಕ್ಕೆ ಅವರ ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಮರಳಿ ಜೋಡಿಸುವಾಗ ಹಲ್ಲುಗಳಿಗೂ ತಿರುಗುವ ಕೀಲುಗಳಿಗೂ ಉರುಳೆಯ ತೋಡಿಗೂ ಹೊಸ ಗ್ರೀಸನ್ನು ಹಚ್ಚಬೇಕು. ಆದರೆ ಫೆಲ್ಟಿಗೂ ರಬ್ಬರಿಗೂ ಗ್ರೀಸು ತಾಗಕೂಡದು. ಅದು ಧೂಳನ್ನು ಹಿಡಿದು ಮತ್ತೆ ಅದೇ ಮುದ್ದೆಯಾಗುತ್ತದೆ, ರಬ್ಬರನ್ನೂ ಕೆಡಿಸುತ್ತದೆ. ಅಲ್ಲಿಗೆ ಸಿಲಿಕೋನಿನ ತುಂತುರು ತಕ್ಕದ್ದು. ಚಾನಲಿನ ಹರಿದ ಫೆಲ್ಟನ್ನು ಬದಲಿಸದೆ ಬಾಗಿಲನ್ನು ಮುಚ್ಚಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೋಲ್ಟುಗಳನ್ನು ಮೊದಲೇ ಬಿಗಿಮಾಡಬಾರದು. ಸಡಿಲವಾಗಿ ಹಾಕಿ, ಗಾಜನ್ನು ಎರಡು ಮೂರು ಸಲ ಏರಿಸಿ ಇಳಿಸಿ, ಅದು ತನ್ನ ಜಾಗವನ್ನು ತಾನೇ ಕಂಡುಕೊಂಡ ಮೇಲೆ, ಮೇಲೇರಿಸಿದ ಸ್ಥಿತಿಯಲ್ಲಿ ಬಿಗಿಮಾಡಬೇಕು. ಕೊನೆಗೆ ಹಾಳೆ, ಹಲಗೆ, ಹಿಡಿ.

ಉಪಸಂಹಾರ

ಇಂದಿನ ಕಾರುಗಳಲ್ಲಿ ಗುಂಡಿಯನ್ನು ಒತ್ತಿದರೆ ಸಾಕು, ಗಾಜು ಏರುತ್ತದೆ. ಆದರೂ ಬಾಗಿಲಿನೊಳಗೆ ಇರುವುದು ಅದೇ ಬಗೆಯ ತೋಳು ಅಥವಾ ತಂತಿಯ ಹುರಿ. ಕೈಯ ಬದಲಾಗಿ ವಿದ್ಯುತ್ ಮೋಟಾರು ಬಂದಿದೆ, ಅಷ್ಟೆ. ಅಲ್ಲಿಯೂ ಚಾನಲಿನಲ್ಲಿ ಕಸ ತುಂಬಿದರೆ ಬಳಲುವುದು ಮೋಟಾರು. ನೋವು ಕಾಣಿಸಿಕೊಳ್ಳುವ ಜಾಗ ಒಂದು, ರೋಗವಿರುವ ಜಾಗ ಇನ್ನೊಂದು. ಯಂತ್ರ ಬಿಗಿಯಾಯಿತೆಂದರೆ ಅದು ಹಟಮಾಡುತ್ತಿಲ್ಲ. ಎಲ್ಲಿಯೋ ತೊಂದರೆಯಿದೆಯೆಂದು ನಮ್ಮ ಕೈಗೆ ತಿಳಿಸುತ್ತಿದೆ. ಆ ಮಾತನ್ನು ಕೇಳಿಸಿಕೊಂಡು ಕೈಯನ್ನು ತಡೆಯುವವನು ಐದು ನಿಮಿಷದಲ್ಲಿ ಕೆಲಸ ಮುಗಿಸುತ್ತಾನೆ. ಕೇಳದೆ ಬಲವನ್ನು ಹೆಚ್ಚಿಸುವವನು ಎರಡು ಭಾನುವಾರ ಚೋರ್ ಬಜಾರನ್ನು ಸುತ್ತುತ್ತಾನೆ.

ಅಜ್ಜಿಯವರ ಕಣ್ಣು ಚೆನ್ನಾಗಿ ಗುಣವಾಯಿತು. ಕಾರು ಇಂದಿಗೂ ಮಾವನವರಲ್ಲಿದೆ. ಹಿಂಬಾಗಿಲಿನ ಗಾಜನ್ನು ಏರಿಸುವಾಗ, ಅರ್ಧ ದಾರಿಯಲ್ಲಿ, ಹಿತ್ತಾಳೆಯ ಆ ಎರಡು ಹಲ್ಲುಗಳ ಬಳಿ ಬಂದೊಡನೆ, ಹಿಡಿ ನನ್ನ ಅಂಗೈಯಲ್ಲಿ ಒಂದಿಷ್ಟು ತಡವರಿಸುತ್ತದೆ. ಮಾವನವರು ಈಗಲೂ ಏನೂ ಹೇಳುವುದಿಲ್ಲ. ನಾನು ಅಲ್ಲಿ ಮೆಲ್ಲನೆ ತಿರುಗಿಸುತ್ತೇನೆ.